ಸಂಬಳ ಪಡೆದು ಕಲಿಯುವ ಲ್ಯಾಬ್ ಡಿಗ್ರಿ: ಕಲಿಸುವವರ ಸಮಯಕ್ಕೆ ದುಡ್ಡು ಕೊಡುವವರು ಯಾರು?

ಬೆಳಿಗ್ಗೆ ಎಂಟೂವರೆ. ಇಂಗ್ಲೆಂಡಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್ ಅಂದುಕೊಳ್ಳಿ. ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡಲು ನಿನ್ನೆ ಹಾಕಿದ ಯೂರಿನ್ ಕಲ್ಚರ್ ಪ್ಲೇಟುಗಳು ಇನ್‌ಕ್ಯುಬೇಟರಿನಿಂದ ಹೊರಗೆ ಬಂದಿವೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಮೂತ್ರವನ್ನು ಪ್ಲೇಟಿಗೆ ಎಳೆಯುವ ಲೂಪ್, ಅಂದರೆ ತುದಿಯಲ್ಲಿ ಉಂಗುರವಿರುವ ಕಡ್ಡಿ, ತುಂಬಾ ಚಿಕ್ಕದು. ಅದರಲ್ಲಿ ನಿಲ್ಲುವುದು ಒಂದು ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಹಾಗಾಗಿ ಪ್ಲೇಟಿನ ಮೇಲೆ ಒಂದು ಕಾಲೊನಿ, ಅಂದರೆ ಒಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ, ಎದ್ದರೆ ಮಿಲಿಲೀಟರಿಗೆ ಒಂದು ಸಾವಿರ ಬ್ಯಾಕ್ಟೀರಿಯಾ ಎಂದು ಲೆಕ್ಕ. ನೂರು ಕಾಲೊನಿ ಎದ್ದರೆ ಒಂದು ಲಕ್ಷ. ಮೂತ್ರದ ಸೋಂಕಿಗೆ ಬಹಳ ವರ್ಷಗಳಿಂದ ಇಟ್ಟುಕೊಂಡ ಗೆರೆ ಈ ಒಂದು ಲಕ್ಷವೇ.

ಇಷ್ಟನ್ನು ಯಾವ ಪುಸ್ತಕವಾದರೂ ಹೇಳಿಕೊಡುತ್ತದೆ. ಆದರೆ ಕೈಯಲ್ಲಿರುವ ಪ್ಲೇಟಿನಲ್ಲಿ ಮೂರು ಬಗೆಯ ಕಾಲೊನಿಗಳು ಬೆಳೆದಿದ್ದರೆ? ಸ್ಯಾಂಪಲ್ ಗರ್ಭಿಣಿಯದಾದರೆ ಒಂದು ಯೋಚನೆ. ತಿಂಗಳುಗಟ್ಟಲೆ ಮೂತ್ರದ ನಳಿಕೆ (ಕ್ಯಾತಿಟರ್) ಹಾಕಿಕೊಂಡಿರುವ ಅಜ್ಜನದಾದರೆ ಇನ್ನೊಂದು. ಬಾಟಲಿಗೆ ಹಿಡಿಯುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿಕೊಂಡಿದೆಯಾ? ಸ್ಯಾಂಪಲ್ ಬೆಚ್ಚಗಿನ ಜಾಗದಲ್ಲಿ ಅರ್ಧ ದಿನ ಕೂತು ಬಂದಿದೆಯಾ? ಬೆಂಚಿನ ಮುಂದೆ ಕೂತವರು ಇವನ್ನೆಲ್ಲಾ ಕೆಲವೇ ಸೆಕೆಂಡುಗಳಲ್ಲಿ ತೂಗಿ ನೋಡಿ ಮುಂದಿನ ಪ್ಲೇಟ್ ಎತ್ತಿಕೊಳ್ಳುತ್ತಾರೆ. ಆ ತೂಗುವಿಕೆ ಬರುವುದು ಸಾವಿರಾರು ಪ್ಲೇಟ್ ನೋಡಿದ ಮೇಲೆ. ಪಕ್ಕದಲ್ಲಿ ತಿಳಿದವರೊಬ್ಬರು ಕೂತು ತಿದ್ದಿದಾಗ ಮಾತ್ರ.

ಈ ಬೆಂಚಿನ ಮುಂದೆಯೇ ಕೂತು, ಸಂಬಳ ಪಡೆಯುತ್ತಾ, ಡಿಗ್ರಿ ಮುಗಿಸುವ ದಾರಿಯೊಂದು ಈಗ ಇಂಗ್ಲೆಂಡಿನಲ್ಲಿ ಇದೆ. ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂತ ಅದರ ಹೆಸರು. ಅದು ಹೇಗೆ ನಡೆಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡುವುದಕ್ಕೆ ನನಗೆ ಸ್ವಂತ ಕಾರಣವೂ ಇದೆ. ನಾನು ಮೈಕ್ರೋಬಯಾಲಜಿ ಓದುವಾಗ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಆರು ಜನಕ್ಕೆ ಒಂದು ಪ್ಲೇಟ್ ಕೊಡುತ್ತಿದ್ದರು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಆದರೆ ಮೊದಲ ಸಲ ಆಸ್ಪತ್ರೆಯ ಲ್ಯಾಬಿನಲ್ಲಿ ನಿಂತಾಗ ಲೂಪ್ ಹಿಡಿದ ಕೈ ನಡುಗಿತು.

ಮೊದಲು ಹಳೆಯ ದಾರಿ ಹೇಗಿತ್ತು ನೋಡೋಣ. ಬ್ರಿಟನ್ನಿನಲ್ಲಿ "ಬಯೋಮೆಡಿಕಲ್ ಸೈಂಟಿಸ್ಟ್" ಎಂಬ ಹೆಸರಿಗೆ, ಅಂದರೆ ಇಂಥ ಬೆಂಚಿನಲ್ಲಿ ಪರೀಕ್ಷೆ ಮಾಡುವ ತಜ್ಞರ ಹೆಸರಿಗೆ, ಕಾನೂನಿನ ರಕ್ಷಣೆ ಇದೆ. ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್, ಚಿಕ್ಕದಾಗಿ ಎಚ್‌ಸಿಪಿಸಿ, ಇಟ್ಟಿರುವ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಹಾಗೆ ಕರೆದುಕೊಳ್ಳಬಹುದು. ಆ ಪಟ್ಟಿ ಸೇರಲು ಡಿಗ್ರಿಯೊಂದೇ ಸಾಲದು. ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್ ಮಾನ್ಯ ಮಾಡಿದ ಡಿಗ್ರಿ ಇರಬೇಕು. ಅದರ ಜೊತೆಗೆ ಒಪ್ಪಿಗೆ ಪಡೆದ ಲ್ಯಾಬಿನಲ್ಲಿ ತರಬೇತಿ ಪಡೆದು, ಒಂದೊಂದು ಕೌಶಲಕ್ಕೂ ಪುರಾವೆ ಇಟ್ಟು, ಒಂದು ದಪ್ಪ ಪೋರ್ಟ್‌ಫೋಲಿಯೊ ಮುಗಿಸಬೇಕು.

ತೊಂದರೆ ಇದ್ದದ್ದು ಇಲ್ಲೇ. ಡಿಗ್ರಿ ಕೊಡುವ ಯೂನಿವರ್ಸಿಟಿಗಳು ಜಾಸ್ತಿ, ಪೋರ್ಟ್‌ಫೋಲಿಯೊ ಮಾಡಿಸುವ ಲ್ಯಾಬಿನ ಜಾಗಗಳು ಕಡಿಮೆ. ಮೂರು ವರ್ಷ ಓದಿ, ವರ್ಷಕ್ಕೆ 9,000 ಪೌಂಡಿಗಿಂತ ಜಾಸ್ತಿ ಫೀಸಿನ ಸಾಲ ಹೊತ್ತು ಹೊರಬಂದ ಮಕ್ಕಳು ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರುತ್ತಿದ್ದರು. ಸ್ಯಾಂಪಲ್ ಬಿಚ್ಚಿ, ಲೇಬಲ್ ಹಚ್ಚಿ, ಕಂಪ್ಯೂಟರಿಗೆ ಹೆಸರು ಏರಿಸುತ್ತಾ, ಯಾರಾದರೂ ತರಬೇತಿ ಜಾಗ ಕೊಡುತ್ತಾರಾ ಎಂದು ವರ್ಷಗಟ್ಟಲೆ ಕಾಯುತ್ತಿದ್ದರು. ಈಗಲೂ ಹಾಗೆ ಕಾಯುವವರು ಬೇಕಾದಷ್ಟು ಜನ ಇದ್ದಾರೆ.

ಡಿಗ್ರಿ ಅಪ್ರೆಂಟಿಸ್‌ಶಿಪ್ ಈ ಕ್ರಮವನ್ನೇ ತಿರುಗಿಸಿಬಿಡುತ್ತದೆ. ಮೊದಲು ಕೆಲಸ, ಅದರೊಳಗೇ ಓದು. ಹೆಲ್ತ್‌ಕೇರ್ ಸೈನ್ಸ್ ಪ್ರಾಕ್ಟಿಷನರ್ ಎಂಬ ಆರನೇ ಹಂತದ, ಅಂದರೆ ಡಿಗ್ರಿ ಮಟ್ಟದ, ಅಪ್ರೆಂಟಿಸ್‌ಶಿಪ್‌ನಲ್ಲಿ ಆಸ್ಪತ್ರೆ ನಿಮ್ಮನ್ನು ನೌಕರರಾಗಿ ತೆಗೆದುಕೊಳ್ಳುತ್ತದೆ. ಯೂನಿವರ್ಸಿಟಿ ಪಾಠ ಮಾಡುತ್ತದೆ. ಫೀಸನ್ನು ಅಪ್ರೆಂಟಿಸ್ ಕೈಯಿಂದ ಕೇಳುವಂತಿಲ್ಲ. ಮೂರು ನಾಲ್ಕು ವರ್ಷದ ಕೊನೆಗೆ ಡಿಗ್ರಿ ಬರುತ್ತದೆ. ಎಚ್‌ಸಿಪಿಸಿ ಒಪ್ಪಿದ ಕೋರ್ಸ್ ಆಗಿದ್ದರೆ ಅದರ ಪಟ್ಟಿಗೆ ನೇರವಾಗಿ ಅರ್ಜಿ ಹಾಕಬಹುದು. ಕಲಿಯುವಾಗ ಸಂಬಳ ಪೂರ್ತಿ ಇರುವುದಿಲ್ಲ. ಕೆಲವು ಆಸ್ಪತ್ರೆಗಳು ಮುಂದೆ ಸಿಗುವ ಹುದ್ದೆಯ ಸಂಬಳದಲ್ಲಿ ಒಂದು ಪಾಲು ಕೊಡುತ್ತವೆ, ಕೆಲವು ಕೆಳಗಿನ ಬ್ಯಾಂಡಿನಲ್ಲಿ, ಅಂದರೆ ಕೆಳಗಿನ ಸಂಬಳದ ಶ್ರೇಣಿಯಲ್ಲಿ, ಇಟ್ಟುಕೊಳ್ಳುತ್ತವೆ. ಮುಗಿಸಿದ ಮೇಲೆ ಸಿಗುವ ಬ್ಯಾಂಡ್ 5ರ ಆರಂಭದ ಸಂಬಳ 2025-26ರಲ್ಲಿ ಇಂಗ್ಲೆಂಡಿನಲ್ಲಿ ವರ್ಷಕ್ಕೆ 31,049 ಪೌಂಡ್.

ಸಾಲ ಇಲ್ಲದೆ ಓದುವುದು ದೊಡ್ಡ ಮಾತು. ಅಪ್ಪ ಅಮ್ಮನ ಹತ್ತಿರ ದುಡ್ಡಿಲ್ಲದ ಮನೆಯ ಹುಡುಗಿಯೊಬ್ಬಳು ಹದಿನೆಂಟಕ್ಕೆ ಸಂಬಳ ತರುತ್ತಾ ವಿಜ್ಞಾನಿ ಆಗಬಹುದು. ಹತ್ತು ವರ್ಷದಿಂದ ಅಸಿಸ್ಟೆಂಟ್ ಆಗಿ ದುಡಿದ ನಲವತ್ತರ ಹೆಂಗಸು ಕೆಲಸ ಬಿಡದೆ ಮೇಲೇರಬಹುದು. ಇದಕ್ಕಿಂತ ಜಾಸ್ತಿ ನನಗೆ ಮುಖ್ಯ ಅನ್ನಿಸುವುದು ಕಲಿಕೆಯ ಗುಣ. ಅದನ್ನು ಸ್ವಲ್ಪ ನಿಂತು ನೋಡಬೇಕು.

ಬ್ಲಡ್ ಕಲ್ಚರ್ ತೆಗೆದುಕೊಳ್ಳಿ. ರೋಗಿಯ ರಕ್ತವನ್ನು ಎರಡು ಬಾಟಲಿಗಳಿಗೆ ಹಾಕಿ ಯಂತ್ರದೊಳಗೆ ಸಾಮಾನ್ಯವಾಗಿ ಐದು ದಿನ ಇಡುತ್ತಾರೆ. ಒಳಗೆ ಏನಾದರೂ ಬೆಳೆದರೆ ಯಂತ್ರ ಕೂಗುತ್ತದೆ. ಬಾಟಲಿಯಿಂದ ಒಂದು ಹನಿ ತೆಗೆದು ಸ್ಲೈಡ್ ಮಾಡಿ, ಬ್ಯಾಕ್ಟೀರಿಯಾಗಳನ್ನು ಬಣ್ಣದಿಂದ ಎರಡು ಗುಂಪಾಗಿ ಗುರುತಿಸುವ ಗ್ರಾಂ ಸ್ಟೇನ್ ಹಾಕಬೇಕು. ಕ್ರಿಸ್ಟಲ್ ವಯಲೆಟ್, ಅಯೋಡಿನ್, ಆಮೇಲೆ ಬಣ್ಣ ತೆಗೆಯುವ ದ್ರಾವಣ, ಕೊನೆಗೆ ಕೆಂಪು ಬಣ್ಣ. ಆ ಮೂರನೇ ಹೆಜ್ಜೆಯಲ್ಲಿ ಕೆಲವು ಸೆಕೆಂಡು ಜಾಸ್ತಿ ಬಿಟ್ಟರೆ ನೇರಳೆ ಕಾಣಬೇಕಾದದ್ದು ಕೆಂಪಾಗುತ್ತದೆ. ನೀವು ಡಾಕ್ಟರಿಗೆ ತಪ್ಪು ಹೇಳುತ್ತೀರಿ, ಡಾಕ್ಟರು ತಪ್ಪು ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ.

ಸ್ಲೈಡ್ ಸರಿಯಾಗಿದೆ ಎಂದೇ ಇಟ್ಟುಕೊಳ್ಳಿ. ನೇರಳೆ ಬಣ್ಣದ ದುಂಡು ಬ್ಯಾಕ್ಟೀರಿಯಾಗಳು ಗೊಂಚಲಾಗಿ ಕಾಣುತ್ತಿವೆ. ಸ್ಟಾಫೈಲೊಕಾಕಸ್. ಇದು ಪ್ರಾಣ ತೆಗೆಯಬಲ್ಲ ಸ್ಟಾಫ್ ಆರಿಯಸ್ ಆಗಿರಬಹುದು. ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿಕೊಂಡ ಸಾಧು ಬ್ಯಾಕ್ಟೀರಿಯಾವೂ ಆಗಿರಬಹುದು. ಎರಡು ಬಾಟಲಿಯಲ್ಲೂ ಬೆಳೆದಿದೆಯಾ, ಒಂದರಲ್ಲಿ ಮಾತ್ರವಾ? ಎಷ್ಟು ಗಂಟೆಗೆ ಬೆಳೆಯಿತು? ರೋಗಿಯ ಕುತ್ತಿಗೆಯ ಹತ್ತಿರ ದೊಡ್ಡ ರಕ್ತನಾಳಕ್ಕೆ ಹಾಕಿದ ಲೈನ್ ಇದೆಯಾ? ಹಾಗಿದ್ದರೆ ಆ ಸಾಧು ಬ್ಯಾಕ್ಟೀರಿಯಾವೇ ಸೋಂಕಿಗೆ ಕಾರಣ ಆಗಿರಬಹುದು. ಮಾಲ್ಡಿ-ಟಾಫ್ ಯಂತ್ರ ಈಗ ಒಂದು ಕಾಲೊನಿಯ ಹೆಸರನ್ನು ಕೆಲವೇ ನಿಮಿಷದಲ್ಲಿ ಹೇಳುತ್ತದೆ. ಆ ಹೆಸರು ಈ ರೋಗಿಗೆ ಏನರ್ಥ ಕೊಡುತ್ತದೆ ಎಂದು ಅದು ಹೇಳುವುದಿಲ್ಲ.

ಆಮೇಲೆ ಫೋನ್ ಮಾಡಬೇಕು. ವಾರ್ಡಿಗೆ ಫೋನ್ ಮಾಡಿ ರೋಗಿಯ ಹೆಸರು, ಆಸ್ಪತ್ರೆ ನಂಬರ್, ಹುಟ್ಟಿದ ದಿನ ಹೇಳಿ, ಕಂಡದ್ದನ್ನು ಹೇಳಿ, ಅವರ ಬಾಯಿಂದ ಅದನ್ನೇ ಮತ್ತೆ ಹೇಳಿಸಿಕೊಳ್ಳಬೇಕು. ಈ ಫೋನ್ ಮಾಡುವುದನ್ನು ಕಾಲೇಜಿನಲ್ಲಿ ಕಲಿಯುವುದು ಹೇಗೆ? ಅಪ್ರೆಂಟಿಸ್ ಮೊದಲು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ತಾನೇ ಮಾಡುತ್ತಾಳೆ. ಸಹಿ ಬೀಳುವವರೆಗೆ ಒಬ್ಬಳೇ ಮಾಡುವ ಹಾಗಿಲ್ಲ.

ನಮ್ಮೂರಿಗೂ ಈ ಬೆಂಚಿಗೂ ಒಂದು ನಂಟಿದೆ. ರಜೆಗೆ ಊರಿಗೆ ಬಂದು ವಾಪಸ್ ಹೋದ ಅನಿವಾಸಿ ಕನ್ನಡಿಗರೊಬ್ಬರಿಗೆ ಜ್ವರ ಬಂತು ಎಂದುಕೊಳ್ಳಿ. ಸ್ಯಾಂಪಲ್ ಜೊತೆ ಬರುವ ಫಾರಂನಲ್ಲಿ ಸುಮ್ನೆ "ಜ್ವರ" ಎಂದು ಬರೆದಿದ್ದರೆ ಲ್ಯಾಬ್ ಮಾಮೂಲಿ ಬೆಂಚಿನಲ್ಲೇ ಬಾಟಲಿ ತೆರೆಯುತ್ತದೆ. "ಎರಡು ವಾರದ ಹಿಂದೆ ಭಾರತದಿಂದ ಬಂದವರು, ಹಳ್ಳಿಯಲ್ಲಿ ಹಸಿ ಹಾಲು ಕುಡಿದಿದ್ದಾರೆ" ಎಂದಿದ್ದರೆ ಕಥೆಯೇ ಬೇರೆ. ಟೈಫಾಯ್ಡ್ ಬ್ಯಾಕ್ಟೀರಿಯಾ ಮತ್ತು ಹಸಿ ಹಾಲಿನಿಂದ ಬರಬಲ್ಲ ಬ್ರುಸೆಲ್ಲಾ ಎರಡೂ ಬ್ರಿಟನ್ನಿನಲ್ಲಿ ಅಪಾಯದ ಮೂರನೇ ಗುಂಪಿಗೆ ಸೇರಿವೆ. ಅಂಥ ಶಂಕೆ ಇದ್ದರೆ ಕೆಲಸ ಮೂರನೇ ಹಂತದ ಸುರಕ್ಷತಾ ಕೊಠಡಿಗೆ ಹೋಗುತ್ತದೆ. ಬ್ರುಸೆಲ್ಲಾ ಲ್ಯಾಬಿನವರಿಗೇ ಅಂಟುವುದರಲ್ಲಿ ಕುಖ್ಯಾತ. ಹಿಂದೆ ಪ್ಲೇಟನ್ನು ಮೂಸಿ ನೋಡುವ ಅಭ್ಯಾಸ ಇತ್ತು. ಸ್ಯೂಡೊಮೊನಾಸ್ ದ್ರಾಕ್ಷಿಯ ವಾಸನೆ ಕೊಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಬ್ರುಸೆಲ್ಲಾದಂಥವು ಉಸಿರಿನಲ್ಲಿ ಒಳಹೋಗುವ ಭಯದಿಂದ ಈಗ ಮೂಸಬಾರದು ಎಂದು ಮೊದಲ ವಾರವೇ ಕಲಿಸುತ್ತಾರೆ. ಫಾರಂ ಓದಿ, ಆಮೇಲೆ ಬಾಟಲಿ ಮುಟ್ಟು: ಇದು ಬೆಂಚಿನಲ್ಲಿ ಮೈಗೆ ಹತ್ತುವ ಪಾಠ.

ಹಾಗಿದ್ದರೆ ಈ ದಾರಿಯಲ್ಲಿ ಎಡವುವುದು ಎಲ್ಲಿ? ದುಡ್ಡಿನ ಲೆಕ್ಕ ಬಿಚ್ಚಿದರೆ ಗೊತ್ತಾಗುತ್ತದೆ.

2017ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಅಪ್ರೆಂಟಿಸ್‌ಶಿಪ್ ಲೆವಿ ಎಂಬ ತೆರಿಗೆ ಇದೆ. ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಜಾಸ್ತಿ ಸಂಬಳ ಕೊಡುವ ಸಂಸ್ಥೆಗಳು ಸಂಬಳದ ಮೊತ್ತದ ಶೇ 0.5ರಷ್ಟನ್ನು ಕಟ್ಟಬೇಕು. ಸರ್ಕಾರಿ ಆಸ್ಪತ್ರೆಗಳ ಟ್ರಸ್ಟುಗಳೂ ಕಟ್ಟುತ್ತವೆ. ಇಂಗ್ಲೆಂಡಿನಲ್ಲಿ ಆ ದುಡ್ಡು ಸಂಸ್ಥೆಯ ಖಾತೆಯಲ್ಲಿ ಕೂತಿರುತ್ತದೆ. ಅದರಿಂದ ಯೂನಿವರ್ಸಿಟಿಯ ಫೀಸ್ ಕಟ್ಟಬಹುದು, ಕೊನೆಯ ಮೌಲ್ಯಮಾಪನದ ಖರ್ಚು ಕೊಡಬಹುದು. ಸಂಬಳ ಕೊಡುವಂತಿಲ್ಲ.

ಇದನ್ನು ಇನ್ನೊಂದು ಸಲ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವ್ಯವಸ್ಥೆಯ ಬಿರುಕು ಇಲ್ಲೇ ಇದೆ. ಅಪ್ರೆಂಟಿಸ್ ವಾರದಲ್ಲಿ ಕೆಲವು ಗಂಟೆ ದಿನದ ಕೆಲಸ ಬಿಟ್ಟು ಕಲಿಯಬೇಕು. ಹಿಂದೆ ಇದು ಕೆಲಸದ ಸಮಯದ ಶೇ 20 ಇತ್ತು. 2022ರ ಆಗಸ್ಟ್‌ನಿಂದ ಪೂರ್ಣಾವಧಿಯವರಿಗೆ ವಾರಕ್ಕೆ ಕನಿಷ್ಠ 6 ಗಂಟೆಯ ಲೆಕ್ಕ ಬಂತು. 2025ರ ಆಗಸ್ಟಿನಿಂದ ಹೊಸದಾಗಿ ಸೇರುವವರಿಗೆ ಒಂದೊಂದು ಅಪ್ರೆಂಟಿಸ್‌ಶಿಪ್‌ಗೂ ಕನಿಷ್ಠ ಇಂತಿಷ್ಟು ಗಂಟೆ ಎಂದು ಬೇರೆಬೇರೆಯಾಗಿ ಗೊತ್ತುಮಾಡಿದ್ದಾರೆ. ಆ ಗಂಟೆಗಳಿಗೂ ಸಂಬಳ ಆಸ್ಪತ್ರೆಯದೇ. ಅವಳು ಇಲ್ಲದಾಗ ಬೆಂಚಿಗೆ ಬೇರೆಯವರನ್ನು ಹಾಕುವ ಖರ್ಚೂ ಆಸ್ಪತ್ರೆಯದೇ. ಎಲ್ಲಕ್ಕಿಂತ ಮುಖ್ಯವಾಗಿ, ಅವಳ ಪಕ್ಕದಲ್ಲಿ ಕೂತು ಪ್ಲೇಟ್ ತೋರಿಸಿ "ಇದು ಯಾಕೆ ಪ್ರೋಟಿಯಸ್ ಹೇಳು" ಎಂದು ಕೇಳುವ ಹಿರಿಯರ ಸಮಯಕ್ಕೆ ಆ ಲೆವಿಯಿಂದ ಒಂದು ಪೆನ್ನಿಯೂ ಬರುವುದಿಲ್ಲ.

ಆ ಹಿರಿಯರು ಯಾರು? ದಿನವಿಡೀ ಪ್ಲೇಟ್ ಓದುವ, ರಾತ್ರಿ ಪಾಳಿ ಮಾಡುವ, ಸಹೋದ್ಯೋಗಿ ರಜೆ ಹಾಕಿದರೆ ಅವರ ಬೆಂಚನ್ನೂ ನೋಡಿಕೊಳ್ಳುವ ಅದೇ ಬಯೋಮೆಡಿಕಲ್ ಸೈಂಟಿಸ್ಟ್. ಜನ ಕಡಿಮೆ ಇದ್ದ ದಿನ ಮೊದಲು ಕೈಬಿಡುವುದು ಕಲಿಸುವುದನ್ನೇ. ಸ್ಯಾಂಪಲ್ ಕಾಯುವುದಿಲ್ಲ, ಅಪ್ರೆಂಟಿಸ್ ಕಾಯುತ್ತಾಳೆ. ಒಂದು ದಿನ ಕಾದರೆ ಏನೂ ಆಗುವುದಿಲ್ಲ. ಮೂರು ತಿಂಗಳು ಕಾದರೆ ಅವಳು ಸ್ಯಾಂಪಲ್ ಲೇಬಲ್ ಹಚ್ಚುವ ಕೆಲಸದಲ್ಲೇ ಉಳಿದಿರುತ್ತಾಳೆ. ಆಗ ಅಪ್ರೆಂಟಿಸ್ ಎಂಬುದು ಕಡಿಮೆ ಸಂಬಳದ ಅಸಿಸ್ಟೆಂಟಿಗೆ ಇಟ್ಟ ಇನ್ನೊಂದು ಹೆಸರಾಗಿಬಿಡುತ್ತದೆ.

ಇಲ್ಲಿ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಜನ ಕಡಿಮೆ ಇರುವುದರಿಂದ ಅಪ್ರೆಂಟಿಸ್ ಬೇಕು. ಜನ ಕಡಿಮೆ ಇರುವುದರಿಂದಲೇ ಕಲಿಸಲು ಆಗುವುದಿಲ್ಲ. ಇದನ್ನು ಬಿಡಿಸಲು ಒಂದೇ ದಾರಿ ನನಗೆ ಕಾಣುವುದು. ಕಲಿಸುವುದೇ ಕೆಲಸವಾಗಿರುವ ಒಬ್ಬ ತರಬೇತಿ ಅಧಿಕಾರಿ ಲ್ಯಾಬಿನಲ್ಲಿ ಇರಬೇಕು. ಅವರ ಗಂಟೆಗಳನ್ನು ಪಾಳಿಯ ತೂತು ಮುಚ್ಚಲು ಎಳೆದುಕೊಳ್ಳಬಾರದು.

ಇನ್ನೆರಡು ಬದಲಾವಣೆಗಳು ಈ ಕಲಿಕೆಯ ಮೇಲೆ ಒತ್ತಡ ಹಾಕುತ್ತಿವೆ. 2017ರಲ್ಲಿ ಇಂಗ್ಲೆಂಡಿನ ಆಸ್ಪತ್ರೆ ಲ್ಯಾಬುಗಳನ್ನು 29 ಜಾಲಗಳಾಗಿ ಸೇರಿಸುವ ಯೋಜನೆ ಬಂತು. ದೊಡ್ಡ ಕೇಂದ್ರ ಲ್ಯಾಬ್ ಒಂದು, ಸುತ್ತಲಿನ ಆಸ್ಪತ್ರೆಗಳಲ್ಲಿ ತುರ್ತು ಪರೀಕ್ಷೆಗೆ ಮಾತ್ರ ಚಿಕ್ಕ ಲ್ಯಾಬ್. ಕಲ್ಚರ್‌ಗೆ ಹೇಗೂ ಒಂದೆರಡು ದಿನ ಬೇಕು, ಹಾಗಾಗಿ ಮೈಕ್ರೋಬಯಾಲಜಿಯನ್ನು ಕೇಂದ್ರಕ್ಕೆ ಒಯ್ಯುವುದು ಸುಲಭ. ಕೇಂದ್ರದಲ್ಲಿ ಸ್ಯಾಂಪಲ್ ಜಾಸ್ತಿ, ಅಪರೂಪದ ಬ್ಯಾಕ್ಟೀರಿಯಾ ನೋಡುವ ಅವಕಾಶ ಜಾಸ್ತಿ. ಆದರೆ ವಾರ್ಡ್ ದೂರ. ಡಾಕ್ಟರು ಲ್ಯಾಬಿಗೆ ನಡೆದು ಬಂದು ಮೈಕ್ರೋಸ್ಕೋಪಿನಲ್ಲಿ ಇಣುಕುವುದು, ಎದುರಿಗೇ ರೋಗಿಯ ವಿಷಯ ಹೇಳುವುದು ಕಡಿಮೆಯಾಗುತ್ತದೆ. ಅಪ್ರೆಂಟಿಸ್ ಆ ಮಾತುಗಳಿಂದಲೇ ತುಂಬಾ ಕಲಿಯುತ್ತಿದ್ದಳು.

ಇನ್ನೊಂದು ಯಂತ್ರಗಳ ವಿಷಯ. ದೊಡ್ಡ ಲ್ಯಾಬುಗಳಲ್ಲಿ ಪ್ಲೇಟಿಗೆ ಎಳೆಯುವುದನ್ನೂ ಯಂತ್ರವೇ ಮಾಡುತ್ತದೆ, ಗೊತ್ತುಮಾಡಿದ ಹೊತ್ತಿಗೆ ಫೋಟೋ ತೆಗೆಯುತ್ತದೆ. ಸೈಂಟಿಸ್ಟ್ ಪರದೆಯ ಮೇಲೆ ಓದುತ್ತಾರೆ. ಕಲಿಯುವವರಿಗೆ ಇದರಲ್ಲಿ ಲಾಭವೂ ಇದೆ. ಒಂದೇ ಫೋಟೋವನ್ನು ಹತ್ತು ಸಲ ನೋಡಬಹುದು, ತಪ್ಪಾದದ್ದಕ್ಕೆ ವಾಪಸ್ ಹೋಗಬಹುದು. ಆದರೂ ಬೆರೆತ ಬೆಳೆಯಿಂದ ಒಂದೇ ಕಾಲೊನಿಯನ್ನು ಆರಿಸಿ ಎತ್ತಿ ಬೇರೆ ಮಾಡುವ ಕೈಚಳಕ ಬೇಕಾಗುವುದು ಯಂತ್ರ ನಿಂತ ದಿನ, ಇಲ್ಲವೇ ಕೀಲಿನಿಂದ ತೆಗೆದ ಅಮೂಲ್ಯ ದ್ರವದ ಸ್ಯಾಂಪಲ್ ಬಂದ ದಿನ. ಆ್ಯಂಟಿಬಯಾಟಿಕ್ ಪರೀಕ್ಷೆಯೂ ಅಷ್ಟೇ. ಯೂರೋಪಿನ ಲ್ಯಾಬುಗಳು ಪಾಲಿಸುವ ಯೂಕಾಸ್ಟ್ ಪದ್ಧತಿಯಲ್ಲಿ ಒಂದು ನಿಯಮ ಇದೆ: ಬ್ಯಾಕ್ಟೀರಿಯಾ ಕದಡಿದ 15 ನಿಮಿಷದೊಳಗೆ ಪ್ಲೇಟಿಗೆ ಹಚ್ಚು, ಹಚ್ಚಿದ 15 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಇರುವ ಡಿಸ್ಕ್ ಇಡು, ಇಟ್ಟ 15 ನಿಮಿಷದೊಳಗೆ ಇನ್‌ಕ್ಯುಬೇಟರಿಗೆ ಹಾಕು. ಕೇಳಲು ಸುಲಭ. ಇಪ್ಪತ್ತು ಪ್ಲೇಟ್ ಎದುರಿಗಿದ್ದು ಫೋನ್ ಹೊಡೆದುಕೊಳ್ಳುತ್ತಿರುವಾಗ ಪಾಲಿಸಿ ನೋಡಬೇಕು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ನೇರವಾಗಿ ಕಾರಣವಾದ ಸಾವುಗಳು 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಎಂಬ ಅಂದಾಜಿದೆ. ಅವನ್ನು ಮೊದಲು ಗುರುತಿಸುವುದು ಇದೇ ಬೆಂಚಿನಲ್ಲಿ.

ಮೇಲೇರುವ ಮೆಟ್ಟಿಲೂ ಈಗ ಕಿರಿದಾಗಿದೆ. 2026ರ ಜನವರಿಯಿಂದ ಏಳನೇ ಹಂತದ, ಅಂದರೆ ಎಂಎಸ್ಸಿ ಮಟ್ಟದ ಅಪ್ರೆಂಟಿಸ್‌ಶಿಪ್‌ಗೆ ಹೊಸದಾಗಿ ಸೇರುವ 22 ತುಂಬಿದ ಬಹುತೇಕರಿಗೆ ಲೆವಿಯ ದುಡ್ಡು ನಿಂತಿದೆ. ಕೆಳಗಿನಿಂದ ಬಂದವರಿಗೆ ಇದು ಬೇಸರದ ಸುದ್ದಿ.

ಇಷ್ಟು ಓದಿದವರು "ನಾನು ಬಿಎಸ್ಸಿ ಮೈಕ್ರೋಬಯಾಲಜಿ ಮಾಡಿದ್ದೇನೆ, ಅಲ್ಲಿಗೆ ಹೋಗಿ ಸೇರಬಹುದಾ?" ಎಂದು ಕೇಳಬಹುದು. ನೇರವಾಗಿ ಹೇಳುತ್ತೇನೆ, ಸಾಮಾನ್ಯವಾಗಿ ಆಗುವುದಿಲ್ಲ. ಲೆವಿಯ ದುಡ್ಡು ಸಿಗಲು ಅಲ್ಲಿ ಕೆಲಸ ಮಾಡುವ ಹಕ್ಕು ಇರಬೇಕು, ಸಾಮಾನ್ಯವಾಗಿ ಹಿಂದಿನ ಮೂರು ವರ್ಷ ಅಲ್ಲಿ ವಾಸವಿರಬೇಕು. ಸ್ಟೂಡೆಂಟ್ ವೀಸಾದವರಿಗೆ ಈ ದಾರಿ ಮುಚ್ಚಿದೆ. ಅಲ್ಲೇ ನೆಲೆಸಿದ ಕನ್ನಡಿಗರ ಮಕ್ಕಳಿಗೆ ತೆರೆದಿದೆ, ಅವರು ಖಂಡಿತ ಯೋಚಿಸಬೇಕು. ಇನ್ನು ಇಲ್ಲಿಂದ ಎಂಎಸ್ಸಿಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿನ ಎಂಎಸ್ಸಿ ಒಂದರಿಂದಲೇ ಎಚ್‌ಸಿಪಿಸಿ ಪಟ್ಟಿಗೆ ಹೆಸರು ಬರುವುದಿಲ್ಲ, ತರಬೇತಿ ಬೇಕೇ ಬೇಕು. ಲಕ್ಷಗಟ್ಟಲೆ ಸಾಲ ಮಾಡಿ ಹೋದ ಮೇಲೆ ಇದು ಗೊತ್ತಾಗುವುದು ತುಂಬಾ ನೋವಿನ ಸಂಗತಿ. ಇಲ್ಲೇ ಆಸ್ಪತ್ರೆ ಲ್ಯಾಬಿನಲ್ಲಿ ಅನುಭವ ಇರುವವರಿಗೆ ವಿದೇಶಿ ಅರ್ಜಿದಾರರ ದಾರಿ ಇದೆ. ಅಲ್ಲಿ ಅವರು ನಿಮ್ಮ ಓದು ಮತ್ತು ಅನುಭವ ಎರಡನ್ನೂ ತಮ್ಮ ಮಟ್ಟಕ್ಕೆ ಹೋಲಿಸಿ ನೋಡುತ್ತಾರೆ. ಆದ್ದರಿಂದ ಇಂದಿನಿಂದಲೇ ಒಂದು ಪುಸ್ತಕ ಇಡಿ. ಯಾವ ಬೆಂಚು, ಯಾವ ಪರೀಕ್ಷೆ, ಎಷ್ಟು ತಿಂಗಳು, ಯಾರ ಮೇಲ್ವಿಚಾರಣೆ. ಸಹಿ ಹಾಕಿಸಿಕೊಳ್ಳಿ.

ಈಗ ನಮ್ಮ ಮನೆಯ ವಿಷಯ. ಕರ್ನಾಟಕದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗುವವರು ಡಿಎಂಎಲ್‌ಟಿ ಅಥವಾ ಬಿಎಸ್ಸಿ ಎಂಎಲ್‌ಟಿ ಮಾಡುತ್ತಾರೆ. ಫೀಸ್ ಕಟ್ಟಿ ಓದಿ, ಆಮೇಲೆ ಇಂಟರ್ನ್‌ಶಿಪ್. ಹಲವು ಕಡೆ ಇಂಟರ್ನ್‌ಗಳು ದಿನವಿಡೀ ರಕ್ತ ತೆಗೆಯುವುದು, ರಿಪೋರ್ಟ್ ಹಂಚುವುದು ಇದರಲ್ಲೇ ಕಳೆಯುತ್ತಾರೆ, ಕೈಗೆ ಬರುವುದು ಬಸ್ ಚಾರ್ಜಿಗೂ ಸಾಲದು. ಸಾದಾ ಬಿಎಸ್ಸಿ ಮೈಕ್ರೋಬಯಾಲಜಿ ಮಾಡಿದವರಿಗಂತೂ ಆಸ್ಪತ್ರೆಯ ಬೆಂಚು ಕಾಣುವುದೇ ಅಪರೂಪ.

ಬದಲಾವಣೆಗೆ ಕಾನೂನಿನ ಸಾಮಾನು ನಮ್ಮ ಹತ್ತಿರ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದಾಯಿತು. ಅಂಥವರ ಕನಿಷ್ಠ ಸ್ಟೈಪೆಂಡಿನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಡಿಗ್ರಿಯೊಳಗೇ ಕನಿಷ್ಠ ಒಂದು ಸೆಮಿಸ್ಟರ್ ಅಪ್ರೆಂಟಿಸ್‌ಶಿಪ್ ಸೇರಿಸಲು 2020ರಲ್ಲೇ ಯುಜಿಸಿ ಮಾರ್ಗಸೂಚಿ ಕೊಟ್ಟಿತು. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮೆಡಿಕಲ್ ಲ್ಯಾಬ್ ವೃತ್ತಿಯನ್ನು ತನ್ನ ಪಟ್ಟಿಯಲ್ಲಿ ಇಟ್ಟಿದೆ, ರಾಜ್ಯಮಟ್ಟದ ಕೌನ್ಸಿಲ್ ಮತ್ತು ನೋಂದಣಿಗೆ ದಾರಿ ಮಾಡಿದೆ. ಎನ್‌ಎಬಿಎಲ್ ಮಾನ್ಯತೆ ಪಡೆದ ನಮ್ಮ ಲ್ಯಾಬುಗಳು ಪಾಲಿಸುವ ಐಎಸ್‌ಒ 15189 ಎಂಬ ಗುಣಮಟ್ಟದ ನಿಯಮಾವಳಿ ಇಂಗ್ಲೆಂಡಿನ ಲ್ಯಾಬುಗಳು ಪಾಲಿಸುವುದೇ. ಯಾರಿಗೆ ಯಾವ ಪರೀಕ್ಷೆ ಮಾಡಲು ಬರುತ್ತದೆ ಎಂಬ ದಾಖಲೆ ಅದರಲ್ಲಿ ಕಡ್ಡಾಯ. ಅಂದರೆ ಅಪ್ರೆಂಟಿಸ್‌ನ ಕಲಿಕೆ ಬರೆದಿಡುವ ಫೈಲು ಆ ಲ್ಯಾಬುಗಳಿಗೆ ಹೊಸದೇನೂ ಅಲ್ಲ.

ಆದ್ದರಿಂದ ನಮ್ಮಲ್ಲೂ ಇಂಥ ಕೋರ್ಸುಗಳು ಬರುತ್ತವೆ, ಬರಬೇಕು. ಬಂದಾಗ ಸ್ಟೈಪೆಂಡ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನ ಅನುಭವ ನೋಡಿದರೆ ಜೊತೆಗೇ ಕೇಳಬೇಕಾದದ್ದು ಕಲಿಸುವವರ ಬಗ್ಗೆ. ಇಪ್ಪತ್ತು ವರ್ಷ ಪ್ಲೇಟ್ ನೋಡಿದ ಹಿರಿಯ ಟೆಕ್ನಿಷಿಯನ್ನುಗಳು ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇದ್ದಾರೆ. ಅವರು ಕಲಿಸುವುದು ಊಟದ ಹೊತ್ತಿನಲ್ಲಿ, ಡ್ಯೂಟಿ ಮುಗಿದ ಮೇಲೆ, ಮಕ್ಕಳ ಮೇಲಿನ ಪ್ರೀತಿಯಿಂದ. ಅವರ ಡ್ಯೂಟಿ ಚಾರ್ಟಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಕಾಲೇಜು ಮತ್ತು ಆಸ್ಪತ್ರೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಅವರ ಹೆಸರು, ಅವರಿಗೆ ವಾರಕ್ಕೆ ಬಿಡುವು ಕೊಟ್ಟ ಗಂಟೆಗಳು, ಆ ಗಂಟೆಗಳಿಗೆ ದುಡ್ಡು ಕೊಡುವವರು ಯಾರು, ಈ ಮೂರೂ ಬರೆದಿರಬೇಕು. ನಿಮ್ಮ ಮಗಳನ್ನೋ ತಮ್ಮನನ್ನೋ ಅಂಥ ಕೋರ್ಸಿಗೆ ಸೇರಿಸುವ ಮೊದಲು ಆ ಆಸ್ಪತ್ರೆಯ ಲ್ಯಾಬಿಗೆ ಒಂದು ಸಲ ಹೋಗಿ, ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟಿನಲ್ಲಿ ಆ ಗಂಟೆಗಳು ಎಲ್ಲಿವೆ ತೋರಿಸಿ ಎಂದು ಕೇಳಿ.